ವಿಳಾಸ ತಪ್ಪಿದ ಕಂಪ್ಯೂಟರು



ಮನೆಯಲ್ಲಿ ಯಾವ ಸಾಮಾನು ಕೆಟ್ಟರೂ ತಪ್ಪು ಬರುವುದು ಅದನ್ನು ಒರೆಸಿದವಳ ಮೇಲೆಯೇ, ಅಲ್ಲವೆ? ಕೊಟ್ಟೂರಿನ ನನ್ನ ತಂಗಿಗೂ ಹಾಗೇ ಆಯಿತು. ಹಗರಿಬೊಮ್ಮನಹಳ್ಳಿಯ ಅಂಗಡಿಯಲ್ಲಿದ್ದ ಕಂಪ್ಯೂಟರನ್ನು ಅವಳ ಯಜಮಾನರು ಮನೆಗೆ ತಂದಿಟ್ಟರು. ಇವಳು ಧೂಳು ಒರೆಸಿದಳು. ಸಂಜೆ ಮಗಳು ಕಾಲೇಜಿನ ಅರ್ಜಿ ತುಂಬಲು ಕುಳಿತರೆ ಇಂಟರ್ನೆಟ್ಟೇ ಇಲ್ಲ! ಮರುದಿನವೇ ಕಡೆಯ ದಿನ. "ನೀ ಒದ್ದೆ ಅರಿವೀಲೆ ಒರೆಸಿದ್ದಕ್ಕ ಕೆಟ್ಟೈತಿ" ಎಂದುಬಿಟ್ಟರು ಯಜಮಾನರು. ತಂಗಿ ಫೋನಿನಲ್ಲಿ ಅತ್ತೇ ಬಿಟ್ಟಳು.

"ಅಳಬ್ಯಾಡವ್ವ. ಮನೆ ವೈಫೈ ನಿನ್ನ ಮೊಬೈಲಿಗೆ ಬರ್ತೈತೇನು ನೋಡು" ಎಂದೆ. ಬರುತ್ತಿತ್ತು. ಅಂದಮೇಲೆ ಹೊರಗಿನ ಲೈನು ಸರಿಯಿದೆ. ಕಂಪ್ಯೂಟರಿನ ಹಿಂದೆ ತಂತಿ ಸಿಕ್ಕಿಸುವ ಕಡೆ ಪುಟ್ಟ ದೀಪವೂ ಮಿಣುಕುತ್ತಿತ್ತು. ಒರೆಸಿದ್ದರಿಂದ ಏನೂ ಕೆಟ್ಟಿರಲಿಲ್ಲ!

ಕೆಟ್ಟದ್ದು ವಿಳಾಸ. ಮನೆಯ ರೂಟರ್ ಪೆಟ್ಟಿಗೆ ತನಗೆ ಸೇರಿದ ಪ್ರತಿಯೊಂದು ಯಂತ್ರಕ್ಕೂ ಒಂದು ಅಂಕಿಯ ವಿಳಾಸ ಕೊಡುತ್ತದೆ. ಅಂಗಡಿಯಲ್ಲಿ ಯಾರೋ 192.168.0.50 ಎಂದು ಕೈಯಾರೆ ಬರೆದು ಗಟ್ಟಿ ಮಾಡಿದ್ದರು. ಮನೆಯ ಪೆಟ್ಟಿಗೆಯದೋ 192.168.1.1. ಮೂರನೆಯ ಅಂಕಿ ಬೇರೆಯಾದರೆ ಓಣಿಯೇ ಬೇರೆಯಾದಂತೆ. ಹರಪನಹಳ್ಳಿಯವರಿಗೆ ಈ ಪಾಡು ಗೊತ್ತು: 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರದವರಾದರು. ಅವರು ಕದಲದೆ ವಿಳಾಸ ಬದಲಾಯಿತು. ಇಲ್ಲಿ ಯಂತ್ರ ಊರು ಬಿಟ್ಟರೂ ವಿಳಾಸ ಕದಲಲಿಲ್ಲ.

ನಿಮ್ಮಲ್ಲೂ ಹೀಗಾದರೆ, ವಿಂಡೋಸ್ 11ರಲ್ಲಿ ಮಾಡುವ ಕ್ರಮ ಇದು:

1. ಸೆಟ್ಟಿಂಗ್ಸ್ ತೆರೆದು 'ನೆಟ್‌ವರ್ಕ್ ಅಂಡ್ ಇಂಟರ್ನೆಟ್', ಅದರೊಳಗೆ 'ಈಥರ್ನೆಟ್' ಒತ್ತಿ.
2. ಅಲ್ಲಿ ಕಾಣುವ ಹಳೆಯ ಅಂಕಿಗಳನ್ನೆಲ್ಲ ಮೊದಲು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಇದನ್ನು ಮರೆಯಬೇಡಿ.
3. 'ಐಪಿ ಅಸೈನ್‌ಮೆಂಟ್' ಎದುರಿನ 'ಎಡಿಟ್' ಒತ್ತಿ, 'ಆಟೊಮ್ಯಾಟಿಕ್' ಆರಿಸಿ 'ಸೇವ್' ಮಾಡಿ. ಕೆಳಗಿನ 'ಡಿಎನ್ಎಸ್' ಸಾಲಿಗೂ ಹೀಗೆಯೇ ಮಾಡಿ.

ವಿಳಾಸ 169.254 ಎಂದು ಶುರುವಾಗಿದ್ದರೆ, ಪೆಟ್ಟಿಗೆ ಉತ್ತರ ಕೊಡದೆ ಯಂತ್ರ ತಾನೇ ಒಂದು ವಿಳಾಸ ಹಚ್ಚಿಕೊಂಡಿದೆ ಎಂದರ್ಥ. ಆಗ ತಂತಿ ಸಡಿಲವೇ ನೋಡಿ, ಪೆಟ್ಟಿಗೆಯನ್ನು ಒಮ್ಮೆ ಆರಿಸಿ ಹಚ್ಚಿ. ಕಚೇರಿಯ ಕಂಪ್ಯೂಟರಾದರೆ ಮಾತ್ರ ಕೇಳದೆ ಕೈಹಾಕಬೇಡಿ; ಅಲ್ಲಿ ವಿಳಾಸವನ್ನು ಬೇಕೆಂದೇ ಗಟ್ಟಿ ಮಾಡಿರುವುದುಂಟು.

ಊಟದ ಹೊತ್ತಿಗೆ ಅರ್ಜಿ ಹೋಯಿತು. "ಯಾರು ರಿಪೇರಿ ಮಾಡಿದ್ರು?" ಎಂದರಂತೆ ಯಜಮಾನರು. "ಒರೆಸಿದಾಕೀನ" ಎಂದಳಂತೆ ಮಗಳು!

ಅಂದಹಾಗೆ, ಒದ್ದೆ ಬಟ್ಟೆ ನಿಜಕ್ಕೂ ಬೇಡ. ಸ್ವಿಚ್ ಆರಿಸಿ, ಒಣ ಬಟ್ಟೆಯಲ್ಲೇ ಒರೆಸಿ.