ದೀಪ ಹಚ್ಚುವ ಹೊತ್ತಿನ ಕಳವಳ



ಹೋದ ತಿಂಗಳು ಉದ್ದರಿ ವಸೂಲಿಯ ವಿಷಯ ಬರೆದಿದ್ದೆ. ಈ ಸಲ ಯಾವ ಖಾತೆಗೂ ಸೇರದ ವಿಷಯ. ನಮ್ಮ ಮನೆಗಳಲ್ಲಿ ಎಂಬತ್ತು ದಾಟಿದ ಹಿರಿಯರು ಈಗ ಮೊದಲಿಗಿಂತ ಹೆಚ್ಚು. ಅವರಲ್ಲಿ ಕೆಲವರಿಗೆ ಮರೆವಿನ ಕಾಯಿಲೆ ಹತ್ತುತ್ತದೆ. ಅರವತ್ತಕ್ಕೆ ಅರಳುಮರಳು ಎಂದು ನಕ್ಕು ಸುಮ್ಮನಾಗುವುದು ನಮ್ಮಲ್ಲಿ ರೂಢಿ. ನನಗೂ ಅರವತ್ತು ದಾಟಿದೆಯಾಗಿ ಆ ಗಾದೆ ನನಗೆ ಅಷ್ಟಾಗಿ ಹಿಡಿಸುವುದಿಲ್ಲ! ವೈದ್ಯರು ಇದನ್ನು ಡಿಮೆನ್ಷಿಯಾ ಎನ್ನುತ್ತಾರೆ. ಇದು ಮುಪ್ಪಿನ ಗುಣವಲ್ಲ, ಮೆದುಳಿನ ರೋಗ. 2023ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಸುಮಾರು 88 ಲಕ್ಷ ಜನರಿಗೆ ಇದು ಇದೆ.

ಇದರಲ್ಲಿ ಮನೆಯವರನ್ನು ಹೆಚ್ಚು ದಣಿಸುವುದು ಸಂಜೆಯ ಹೊತ್ತು. ಬೆಳಿಗ್ಗೆ ನಗುನಗುತ್ತಾ ಇದ್ದವರು ನಾಲ್ಕು ಐದು ಗಂಟೆಯಾಗುತ್ತಲೇ ಬೇರೆ ಮನುಷ್ಯರಾಗುತ್ತಾರೆ. ತಮ್ಮ ಮನೆಯಲ್ಲೇ ಕುಳಿತು “ಮನೆಗೆ ಹೋಗೋಣ” ಎನ್ನುತ್ತಾರೆ. ಕದ್ದಿರಿ ಎಂದು ದೂರುತ್ತಾರೆ, ಬಾಗಿಲಿಗೆ ಓಡುತ್ತಾರೆ. ನಮ್ಮಂಥ ವ್ಯಾಪಾರದ ಮನೆಗಳಿಗೆ ಇದು ಎರಡು ಪಟ್ಟು ಕಷ್ಟ. ಐದರಿಂದ ಒಂಬತ್ತು ಗಿರಾಕಿಗಳ ಹೊತ್ತು; ಗಂಡಸರೆಲ್ಲ ಅಂಗಡಿಯಲ್ಲಿ. ಮನೆಯಲ್ಲಿ ಸೊಸೆ ಒಬ್ಬಳೇ.

ಹಿಂದೂಪುರದಲ್ಲಿರುವ ನನ್ನ ದೊಡ್ಡಪ್ಪನ ಮಗ ನಲವತ್ತು ವರ್ಷ ಜವಳಿ ವ್ಯಾಪಾರ ಮಾಡಿದವರು. ಈಗ ದಿನಾ ಸಂಜೆ ಟೋಪಿ ಹಾಕಿಕೊಂಡು ಗಲ್ಲಾಪೆಟ್ಟಿಗೆಯ ಬೀಗದ ಕೈ ಕೇಳುತ್ತಾರೆ. ಮಕ್ಕಳು “ಅಪ್ಪಾ, ಅಂಗಡಿ ನಾವು ನೋಡಿಕೊಳ್ತಿದ್ದೀವಲ್ಲ” ಎಂದು ತಿಳಿಹೇಳಿದಷ್ಟೂ ಸಿಟ್ಟು ಏರುತ್ತದೆ. ಅವರ ಸೊಸೆ ಮಾತ್ರ ವಾದಕ್ಕೆ ಇಳಿಯುವುದಿಲ್ಲ. “ಆಗಲಿ ಮಾವ, ಕೊಡ್ತೀನಿ. ಅದಕ್ಕೆ ಮೊದಲು ಈ ಪಂಚೆ ನಾಲ್ಕು ಮಡಚಿ ಕೊಡಿ, ನನ್ನ ಕೈಲಿ ಅಂಚು ಸರಿ ಕೂಡಲ್ಲ” ಎನ್ನುತ್ತಾಳೆ. ಅವರು ಕುಳಿತು ಅಂಚಿಗೆ ಅಂಚು ಕೂಡಿಸಿ ಮಡಚುತ್ತಾರೆ. ಅಷ್ಟರಲ್ಲಿ ಬೀಗದ ಕೈ ಮರೆತುಹೋಗಿರುತ್ತದೆ. ಆಕೆ ಯಾವ ಪುಸ್ತಕವನ್ನೂ ಓದಿದವಳಲ್ಲ. ಆದರೆ ವೈದ್ಯರು ಹೇಳುವುದೂ ಇದನ್ನೇ. ಅವರು ಹೇಳುವ ಸಂಗತಿ ಸುಳ್ಳಾಗಿದ್ದರೂ ಅವರ ಕಳವಳ ನಿಜ. ಉತ್ತರ ಕೊಡಬೇಕಾದದ್ದು ಕಳವಳಕ್ಕೆ.

ಹೀಗೆ ಸಂಜೆಗೇ ಏಕೆ? ಹಗಲು ರಾತ್ರಿಯ ಗುರುತು ಹಿಡಿಯುವ ಗಡಿಯಾರ ಮೆದುಳಿನಲ್ಲೇ ಇದೆ. ರೋಗ ಅದನ್ನೂ ಕೆಡಿಸುತ್ತದೆ. ಅದರ ಮೇಲೆ ದಿನದ ಆಯಾಸ, ಮಬ್ಬು ಬೆಳಕು. ಗೋಡೆಯ ನೆರಳು ಅವರಿಗೆ ಕಳ್ಳನಂತೆ ಕಾಣಬಹುದು. ಹಸಿವು, ಬಾಯಾರಿಕೆ, ಮಂಡಿನೋವು, ಮಲಬದ್ಧತೆ, ಇವನ್ನು ಬಾಯಿಬಿಟ್ಟು ಹೇಳಲಾರದೆ ರೇಗುವುದೂ ಉಂಟು. ಆದ್ದರಿಂದ ಕತ್ತಲಾಗುವ ಮೊದಲೇ ಎಲ್ಲ ದೀಪ ಹಾಕಿ, ಪರದೆ ಎಳೆಯಿರಿ. ಬೆಳಿಗ್ಗೆ ಅರ್ಧ ಗಂಟೆ ಬಿಸಿಲಿನಲ್ಲಿ ನಡೆಸಿ. ಮಧ್ಯಾಹ್ನದ ನಿದ್ದೆ ಚಿಕ್ಕದಿರಲಿ, ಊಟದ ನಂತರ ಕಾಫಿ ಬೇಡ. ಸಂಜೆ ಟಿ.ವಿ.ಯ ಗದ್ದಲ ನಿಲ್ಲಿಸಿ ಅವರಿಗೆ ಬಾಲ್ಯದಿಂದ ಬಾಯಿಪಾಠವಿರುವ ಸ್ತೋತ್ರ ಹೇಳಿಕೊಡಿ. ಮಕ್ಕಳ ಹೆಸರು ಮರೆತವರೂ ಪಂಚನಮಸ್ಕಾರವನ್ನು ತಪ್ಪಿಲ್ಲದೆ ಹೇಳುವುದನ್ನು ನಾನು ಕೇಳಿದ್ದೇನೆ. ಒಂದು ಎಚ್ಚರಿಕೆ: ಗಲಿಬಿಲಿ ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಏರಿದರೆ ಅದು ಮೂತ್ರದ ಸೋಂಕೋ ಬೇರೆ ಕಾಯಿಲೆಯೋ ಇರಬಹುದು. ಕೂಡಲೇ ವೈದ್ಯರಿಗೆ ತೋರಿಸಿ.

ಇನ್ನು ನಮ್ಮ ರಾತ್ರಿಭೋಜನ ತ್ಯಾಗದ ಪ್ರಶ್ನೆ. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವುದು ಈ ರೋಗಿಗಳಿಗೆ ಒಳ್ಳೆಯದೇ, ಹಸಿವಿನ ಕಿರಿಕಿರಿ ತಪ್ಪುತ್ತದೆ. ಆದರೆ ಡಿಸೆಂಬರಿನಲ್ಲಿ ನಮ್ಮ ಕಡೆ ಆರಕ್ಕೆ ಮೊದಲೇ ಹೊತ್ತು ಮುಳುಗುತ್ತದೆ. ಅಲ್ಲಿಂದ ಬೆಳಗಿನವರೆಗೆ ಹನ್ನೆರಡು ಗಂಟೆಗೂ ಮಿಕ್ಕಿ ನೀರಿಲ್ಲ. ಹಗಲಲ್ಲೂ ನೀರು ಕುಡಿಯಲು ಮರೆತವರ ಗತಿಯೇನು? ಮಧ್ಯಾಹ್ನ ಗಂಟೆಗೊಮ್ಮೆ ನಾವೇ ಲೋಟ ಹಿಡಿಯಬೇಕು. ಉಂಡದ್ದು ಮರೆತು ರಾತ್ರಿ ಎಂಟಕ್ಕೆ ನೀರು ಕೇಳಿದರೆ? ಹಿರಿಯರು ಒಪ್ಪುತ್ತಾರೋ ಇಲ್ಲವೋ, ನನ್ನ ಅಭಿಪ್ರಾಯ ಸ್ಪಷ್ಟ. ವ್ರತವೆಂಬುದು ತಿಳಿದು ಕೈಗೊಳ್ಳುವಂಥದ್ದು. ತಿಳಿವೇ ಹೋದವರ ಮೇಲೆ ನಾವು ಅದನ್ನು ಹೇರಬಾರದು. ನೀರು ಕೊಡಿ. ಮಾತ್ರೆಯ ವಿಷಯದಲ್ಲೂ ಇದೇ.

ಮನೆಯಲ್ಲಿ ನಿಭಾಯಿಸಲಾಗದೆ ಆರೈಕೆ ಕೇಂದ್ರಕ್ಕೆ ಸೇರಿಸಿದವರನ್ನು ನಾವು ಹಗುರವಾಗಿ ಆಡಿಕೊಳ್ಳುತ್ತೇವೆ. ಆಡಿಕೊಳ್ಳುವವರು ಒಂದು ಸಂಜೆ ಬಂದು ಕೂರಲಿ. ಲೇಪಾಕ್ಷಿ, ಹಿಂದೂಪುರದವರಿಗೆ ಹತ್ತಿರವೆಂದರೆ ಬೆಂಗಳೂರೇ. ರೋಗ ಯಾವುದೆಂದು ನಿಷ್ಕರ್ಷೆ ಮಾಡಿಸಲು ಅಲ್ಲಿ ನಿಮ್ಹಾನ್ಸ್ ಇದೆ. 1998ರಲ್ಲಿ ಆರಂಭವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಕಸ್ತೂರಿನಗರದಲ್ಲಿ ಈ ರೋಗಿಗಳಿಗೆಂದೇ ಕೇಂದ್ರ ನಡೆಸಿಕೊಂಡು ಬಂದಿದೆ. ಬೇರೆಯವೂ ಇವೆ, ಒಳ್ಳೆಯವೂ ಕೆಟ್ಟವೂ.

ಆರಿಸುವುದು ಹೇಗೆ? ಸೀರೆಯ ಬಣ್ಣವನ್ನು ಹಗಲಿನಲ್ಲಿ ನೋಡಬೇಕು, ಇಂಥ ಕೇಂದ್ರವನ್ನು ಸಂಜೆ ಆರಕ್ಕೆ ನೋಡಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ನಾನು ಒಬ್ಬ ಬಂಧುವಿಗಾಗಿ ನೋಡಲು ಹೋದ ಒಂದು ಕಡೆ (ಹೆಸರು ಬೇಡ) ಸಂಜೆ ಇಬ್ಬರು ಅಜ್ಜಂದಿರನ್ನು ಸೀರೆ ತುಂಡಿನಿಂದ ಕುರ್ಚಿಗೆ ಕಟ್ಟಿದ್ದರು. “ಬೀಳ್ತಾರೆ ಸಾರ್, ಅದಕ್ಕೆ” ಎಂದರು. ಕಟ್ಟಿದರೆ ಬಿಡಿಸಿಕೊಳ್ಳಲು ಒದ್ದಾಡಿ ಇನ್ನೂ ಕೆಡುಕಾಗಿ ಬೀಳುತ್ತಾರೆ. ಪಾಳಿ ಬದಲಾಗುವುದು ಎಷ್ಟು ಹೊತ್ತಿಗೆ, ಆಗ ಎಷ್ಟು ಜನ ಇರುತ್ತಾರೆ ಎಂದು ಕೇಳಿ. ಹಳೆಯವರು ಹೋಗಿ ಹೊಸಬರು ಬರುವ ಗಡಿಬಿಡಿ ಮುಸ್ಸಂಜೆಗೇ ಬಿದ್ದರೆ ರೋಗಿಗಳೂ ಕಂಗಾಲಾಗುತ್ತಾರೆ. ನಿದ್ದೆ ಬರಿಸುವ, ಉದ್ರೇಕ ಇಳಿಸುವ ಮಾತ್ರೆ ಕೊಡುತ್ತಾರೆಯೇ, ಯಾರ ಚೀಟಿಯ ಮೇಲೆ ಎಂದು ಕೇಳಿ. ಉದ್ರೇಕ ಇಳಿಸಲು ಕೊಡುವ ಕೆಲವು ಮನೋರೋಗದ ಔಷಧಗಳಿಂದ ಈ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆಂದು ಅಮೆರಿಕದ ಔಷಧ ಇಲಾಖೆ 2005ರಲ್ಲೇ ಎಚ್ಚರಿಸಿದೆ. ಆಯಾ ಯಾವ ಭಾಷೆಯವಳು ಎಂಬುದನ್ನೂ ನೋಡಿ. ರೋಗ ಬಲಿತಂತೆ ಆಮೇಲೆ ಕಲಿತ ಭಾಷೆ ಮೊದಲು ಹೋಗುತ್ತದೆ, ತಾಯಿನುಡಿ ಉಳಿಯುತ್ತದೆ. ನಮ್ಮವರಿಗೆ ಕನ್ನಡದಲ್ಲಿ “ಊಟ ಆಯ್ತಾ?” ಎನ್ನುವವರು ಒಬ್ಬರಾದರೂ ಬೇಕು.

ಭಾನುವಾರ ನೋಡಲು ಹೋಗುವವರು ಬೆಳಿಗ್ಗೆಯೇ ಹೋಗಿ ಬನ್ನಿ. ಸಂಜೆ ಆರಕ್ಕೆ ಎದ್ದು “ಬರ್ತೀವಿ ಅಪ್ಪಾ” ಎಂದರೆ ಅವರೂ ಚೀಲ ಹಿಡಿದು ಹೊರಡುತ್ತಾರೆ. ಮಾಹಿತಿಗೆ ಹಿರಿಯ ನಾಗರಿಕರ ಉಚಿತ ದೂರವಾಣಿ 14567 ಇದೆ.