ಠರಾವು ಪುಸ್ತಕ ಯಾರ ಕೈಯಲ್ಲಿದೆ?



ಇದು ದಢೇಸುಗೂರಿನ ಹೊಳೆ ದಂಡೆಯಲ್ಲಿ ಕೂತಾಗ ಹುಟ್ಟಿದ ತಕರಾರು. ಸಿಂಧನೂರಿನಿಂದ ಸಿರುಗುಪ್ಪಕ್ಕೆ ಹೋಗುವ ರಸ್ತೆ ಇಲ್ಲಿ ತುಂಗಭದ್ರೆಯನ್ನು ದಾಟುತ್ತದೆ. ಈಚೆ ರಾಯಚೂರು ಜಿಲ್ಲೆ, ಆಚೆ ಬಳ್ಳಾರಿ. ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಈ ಸೀಮೆ ಭತ್ತದ ಸೀಮೆಯಾಯಿತು. ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೂ ದಢೇಸುಗೂರಿನಲ್ಲಿದೆ. ಅಲ್ಲಿ ಭತ್ತದ ತಳಿಗಳ ಲೆಕ್ಕ ಇಡುತ್ತಾರೆ. ಇಡಲಿ, ಬೇಡ ಅನ್ನೋದಿಲ್ಲ. ಆದರೆ ಕೆಸರಲ್ಲಿ ಬಗ್ಗಿ ಸಸಿ ಹಚ್ಚುವ ಅವ್ವಂದಿರ ಮಕ್ಕಳು ವರ್ಷಕ್ಕೆ ಎಷ್ಟು ದಿನ ಶಾಲೆಯಲ್ಲಿ ಕೂತರು, ಯಾವ ಇಯತ್ತೆಗೆ ಬಿಟ್ಟು ಗುಳೆ ಹೋದರು, ಈ ಲೆಕ್ಕ ಯಾರು ಇಟ್ಟಿದ್ದಾರೆ? 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ನೂರಕ್ಕೆ 60 ಕೂಡ ಮುಟ್ಟಲಿಲ್ಲ. ಹೆಂಗಸರಲ್ಲಿ ನೂರಕ್ಕೆ 49ರ ಒಳಗೇ ನಿಂತಿತು. ಆಗ ರಾಜ್ಯದ ಸರಾಸರಿ 75 ದಾಟಿತ್ತು.

ನಮ್ಮ ಜೊತೆ ಬಂದಿದ್ದ ಹಾಸ್ಟೆಲಿನ ತಮ್ಮನೊಬ್ಬ ಕೇಳಿದ: "ಅಣ್ಣಾ, ಸರ್ಕಾರಿ ಸಾಲಿ ಇನ್ನ ಉದ್ಧಾರ ಆಗಂಗಿಲ್ಲ. ಅಮೆರಿಕಾದಾಗ ಚಾರ್ಟರ್ ಸಾಲಿ ಅಂತ ಅದಾವಂತ. ರೊಕ್ಕ ಸರ್ಕಾರದ್ದು, ನಡೆಸೋರು ಬ್ಯಾರೆ. ನಾವೂ ಒಂದು ಸಂಘ ಮಾಡಿಕೊಂಡು, ರೊಕ್ಕ ಇಸಗೊಂಡು, ನಮ್ಮ ಸಾಲಿ ನಾವ ಯಾಕ ನಡೆಸಬಾರದು?"

ಕೆಲವರು ನಕ್ಕರು. ನಾವು ನಗಲಿಲ್ಲ. ಶಾಲೆಯಲ್ಲಿ ನೊಂದ ಹುಡುಗನೇ ಇಂಥ ಪ್ರಶ್ನೆ ಕೇಳುತ್ತಾನೆ.

ಮೊದಲು ಅಮೆರಿಕದ ಕತೆ ನೋಡೋಣ. ಅಲ್ಲಿ ಮಿನೆಸೋಟ ರಾಜ್ಯ 1991ರಲ್ಲಿ ಮೊದಲ ಕಾನೂನು ಮಾಡಿತು, 1992ರಲ್ಲಿ ಮೊದಲ ಶಾಲೆ ಬಾಗಿಲು ತೆರೆಯಿತು. ಸರ್ಕಾರ ಒಂದು ಮಂಡಳಿಯ ಜೊತೆ ಇಷ್ಟು ವರ್ಷ ಅಂತ ಕರಾರು ಮಾಡಿಕೊಳ್ಳುತ್ತದೆ. ಮಕ್ಕಳ ಲೆಕ್ಕದಲ್ಲಿ ದುಡ್ಡು ಕೊಡುತ್ತದೆ. ಮಕ್ಕಳಿಂದ ಫೀಜು ತಗೊಳ್ಳುವಂತಿಲ್ಲ. ಹೇಗೆ ಕಲಿಸಬೇಕು, ಯಾರನ್ನು ಮಾಸ್ತರ ಮಾಡಬೇಕು ಅನ್ನೋದು ಮಂಡಳಿಗೆ ಬಿಟ್ಟಿದ್ದು. ಕರಾರಿನಂತೆ ಮಕ್ಕಳು ಕಲಿಯದಿದ್ದರೆ ಶಾಲೆ ಮುಚ್ಚಬಹುದು. ಬೋಸ್ಟನ್‌ನಂಥ ನಗರಗಳಲ್ಲಿ ಕರಿಯ ಮಕ್ಕಳು ಇಂಥ ಶಾಲೆಗಳಲ್ಲಿ ಚೆನ್ನಾಗಿಯೇ ಕಲಿತರು, ಸುಳ್ಳು ಹೇಳಬಾರದು. ಆದರೆ ನ್ಯೂ ಆರ್ಲಿಯನ್ಸ್‌ನಲ್ಲಿ 2005ರ ಕತ್ರೀನಾ ಚಂಡಮಾರುತದ ನಂತರ ಏನಾಯಿತು? ಊರಿನ ಸರ್ಕಾರಿ ಶಾಲೆಗಳೆಲ್ಲ ಹೆಚ್ಚೂಕಡಿಮೆ ಚಾರ್ಟರ್ ಆದವು. ಶಾಲೆಗಳ 7 ಸಾವಿರಕ್ಕೂ ಹೆಚ್ಚು ನೌಕರರನ್ನು ಮನೆಗೆ ಕಳಿಸಿದರು. ಅವರಲ್ಲಿ ಬಹುಪಾಲು ಕರಿಯರು. ಮಳೆ ಎಲ್ಲರ ಮೇಲೂ ಬಿತ್ತು, ಅನ್ನ ಕಳಕೊಂಡವರು ಮಾತ್ರ ಅವರು.

ಇನ್ನು ನಮ್ಮ ಕಡೆಗೆ ಬನ್ನಿ. ಆ ಹೆಸರು ಹೊಸದು, ವ್ಯವಹಾರ ಹಳೇದು. ಸಂಬಳ ಸರ್ಕಾರದ್ದು, ಆಡಳಿತ ಮಂಡಳಿ ಅವರದು: ಇದನ್ನೇ ನಾವು ಅನುದಾನಿತ ಶಾಲೆ ಅನ್ನುತ್ತೇವೆ. 1854ರ ವುಡ್‌ನ ಆದೇಶದಿಂದ ಈ ಪದ್ಧತಿ ಇಂಡಿಯಾದಲ್ಲಿ ಬಂತು. ಎರಡೇ ವರ್ಷಕ್ಕೆ, 1856ರಲ್ಲಿ, ನಮ್ಮ ಧಾರವಾಡದಲ್ಲಿ ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಕೇಳಿದ. ಸೇರಿಸಲಿಲ್ಲ. ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಒಬ್ಬ ಹುಡುಗನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟರೆ ಏನು ಗತಿ ಅಂತ ಸರ್ಕಾರವೂ ಕೈ ಎತ್ತಿತು. ಆ ಹುಡುಗನ ಹೆಸರು ನಮ್ಮ ಯಾವ ಪಠ್ಯಪುಸ್ತಕದಲ್ಲೂ ನಾವು ಓದಲಿಲ್ಲ. ಆದರೆ ಅವನ ಅರ್ಜಿ ಲಂಡನ್ನಿನ ತನಕ ಹೋಯಿತು. 1858ರಲ್ಲಿ ಸರ್ಕಾರ ಒಂದು ನಿರ್ಣಯ ಮಾಡಬೇಕಾಯಿತು: ಪೂರ್ತಿ ಸರ್ಕಾರದ ಖರ್ಚಲ್ಲಿ ನಡೆಯೋ ಶಾಲೆ ಎಲ್ಲ ಜಾತಿಗೂ ತೆರೆದಿರಬೇಕು. ಊರಿನವರ ಹಣವೂ ಸೇರಿದ ಶಾಲೆಗಳಲ್ಲಿ? ಅಲ್ಲಿ ಒತ್ತಾಯ ಮಾಡೋದಿಲ್ಲ, ಬೇಕಾದರೆ ಸಹಾಯಧನ ನಿಲ್ಲಿಸುವ ಹಕ್ಕು ನಮಗಿದೆ, ಅಂತ ಹೇಳಿ ಸುಮ್ಮನಾದರು. ಬಾಬಾಸಾಹೇಬರು ಈ ಪ್ರಕರಣವನ್ನು ತಮ್ಮ ಬರಹದಲ್ಲಿ ಎತ್ತಿ ತೋರಿಸಿದ್ದಾರೆ. ಕಾಗದದ ಮೇಲೆ ಬಾಗಿಲು ತೆರೆಯಿತು, ನಮ್ಮ ಮಗು ಪಡಸಾಲೆಯಲ್ಲೇ ಕೂತಿತು.

ಸ್ವಾತಂತ್ರ್ಯ ಬಂದ ಮೇಲೆ ಅನುದಾನ ಯಾರ ಪಾಲಾಯಿತು? ಮೊದಲೇ ಜಾಗ ಇದ್ದವರಿಗೆ, ಕಟ್ಟಡ ಕಟ್ಟೋ ತಾಕತ್ತಿದ್ದವರಿಗೆ, ಬೆಂಗಳೂರಿನ ಆಫೀಸುಗಳ ಮೆಟ್ಟಿಲು ಹತ್ತೋದಕ್ಕೆ ಗೊತ್ತಿದ್ದವರಿಗೆ. ಅಂಥ ಶಾಲೆಗಳಲ್ಲಿ ಓದಿಯೇ ನಮ್ಮಲ್ಲಿ ಎಷ್ಟೋ ಜನ ಇವತ್ತು ಹಾಸ್ಟೆಲ್ ಸೇರಿದ್ದೇವೆ, ಆ ಋಣವನ್ನು ಅಲ್ಲಗಳೆಯೋದಿಲ್ಲ. ಆದರೆ ಕಾನೂನು ಏನು ಹೇಳುತ್ತದೆ ಕೇಳಿ. ಶಿಕ್ಷಣ ಹಕ್ಕಿನ ಕಾಯ್ದೆ ಬಂದದ್ದು 2009ರಲ್ಲಿ. ತಂದೆತಾಯಿಗಳ ಸಮಿತಿಗೆ ಅದು ಅಧಿಕಾರ ಕೊಟ್ಟಿತು. 2012ರ ತಿದ್ದುಪಡಿಯಲ್ಲಿ ಅನುದಾನಿತ ಶಾಲೆಗಳ ಸಮಿತಿಗಳನ್ನು ಬರೀ ಸಲಹೆಗೆ ಇಳಿಸಿದರು. ಹಣ ನಮ್ಮ ತೆರಿಗೆಯದು, ನಾವು ಹೇಳಬಹುದಾದದ್ದು ಸಲಹೆ ಮಾತ್ರ! ನಾಳೆ ಚಾರ್ಟರ್ ಅಂತ ಹೊಸ ಬೋರ್ಡು ಬಂದರೂ ಅದನ್ನು ಹಿಡಿಯೋ ಕೈ ಯಾವುದು ಅಂತ ನಮಗೆ ಗೊತ್ತು.

ಹಾಗಾದರೆ ನಮ್ಮವರು ಶಾಲೆ ನಡೆಸಬಾರದೇ? ನಡೆಸಿದ್ದಾರಲ್ಲ. ಬಾಬಾಸಾಹೇಬರು 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಟ್ಟಿದರು, 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು, 1950ರಲ್ಲಿ ಔರಂಗಾಬಾದಿನಲ್ಲಿ ಕಾಲೇಜು, ಮುಂದೆ ಮಿಲಿಂದ ಅಂತ ಹೆಸರಾದದ್ದು. ಆಗ ಔರಂಗಾಬಾದು ಹೈದರಾಬಾದ್ ರಾಜ್ಯದಲ್ಲಿತ್ತು, ನಮ್ಮ ರಾಯಚೂರೂ ಅದೇ ರಾಜ್ಯದಲ್ಲಿತ್ತು. ಅಂದರೆ ಆ ಕಾಲೇಜು ನಮ್ಮ ಅಜ್ಜಂದಿರ ಸೀಮೆಯದೇ. ಅಂಥ ಕೆಲಸ ಮಾಡೋ ತಾಕತ್ತು, ಪ್ರಾಮಾಣಿಕತೆ ಎರಡೂ ಇದ್ದವರು ಮಾಡಲಿ, ನಾವು ಕಲ್ಲು ಹೊರುತ್ತೇವೆ. ಆದರೆ ಒಂದು ಕಾಲೇಜು ಕಟ್ಟೋದು ಬೇರೆ, ಊರೂರಿನ ಕೇರಿಯ ಮಕ್ಕಳಿಗೆ ಒಂದನೇ ಇಯತ್ತೆಯಿಂದ ಶಾಲೆ ಕೊಡೋದು ಬೇರೆ. ಅದು ಸರ್ಕಾರದ ಶಾಲೆಯಿಂದಲೇ ಆಗಬೇಕು. ಆ ಶಾಲೆ ನಮ್ಮ ಕೈಲಿಲ್ಲ ಅನ್ನೋದೇ ರೋಗ.

ಇಲ್ಲಿಗೆ ನಮ್ಮದೊಂದು ನಾಚಿಕೆಯ ಕತೆ ಹೇಳಬೇಕು. ಶಾಲೆಯ ಹೆಸರು ಬೇಡ. ನಾವು ಆಗ ಆರನೇ ಇಯತ್ತೆ. ಒಂದು ದಿನ ಮಧ್ಯಾಹ್ನ ನಮ್ಮನ್ನು ಕರೆದು ಕೈಯಲ್ಲಿ ದೊಡ್ಡ ಪುಸ್ತಕ, ಶಾಯಿ ಪ್ಯಾಡು ಕೊಟ್ಟರು. "ನಿಮ್ಮವ್ವ ಕಮಿಟಿ ಮೆಂಬರ್ ಅದಾಳಲ್ಲ, ಹೆಬ್ಬೆಟ್ಟು ಒತ್ತಿಸ್ಕೊಂಡು ಬಾ, ಓಡು." ಮಾಸ್ತರರು ನಂಬಿ ಕೆಲಸ ಹೇಳಿದರು ಅಂತ ನಮಗೆ ಹಿಗ್ಗು. ಗದ್ದೆಗೇ ಓಡಿದೆವು. ಅವ್ವ ಬದುವಿನ ಮೇಲೆ ಬಂದು, ಕೆಸರಿನ ಕೈ ಸೆರಗಿಗೆ ಒರೆಸಿಕೊಂಡು, ಒತ್ತಿದಳು. "ಏನು ಬರದಾರಪ ಇದರಾಗ?" ಅಂತ ಒಂದೇ ಮಾತು ಕೇಳಿದಳು. ನಮಗೆ ಓದೋಕೆ ಬರುತ್ತಿತ್ತು. ಓದಿ ಹೇಳಲಿಲ್ಲ. "ಸಾಲೀದು ಏನೋ ಐತೆವ್ವ" ಅಂದು ಓಡಿ ಬಂದೆವು. ಮೂರು ಹೊತ್ತಿನ ಊಟದಲ್ಲಿ ಒಂದು ಹೊತ್ತು ಬಿಟ್ಟು ನಮ್ಮನ್ನು ಓದಿಸಿದವಳಿಗೆ ನಾವು ಕೊಟ್ಟ ಉತ್ತರ ಅದು. ಅವ್ವ ಕೂರದ ಸಭೆಯಲ್ಲಿ ಅವ್ವ ಒಪ್ಪಿದ ಠರಾವು ಪಾಸಾಯಿತು.

ಈಗ ಆ ಪುಸ್ತಕದ ಬೆಲೆ ಎಷ್ಟು ಅಂತ ತಿಳಿದಿದೆ. ಕರ್ನಾಟಕದಲ್ಲಿ 2001ರಲ್ಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಲ್ಲರ ಬಾಯಲ್ಲಿ ಎಸ್‌ಡಿಎಂಸಿ, ಬಂತು. 2009ರ ಕಾಯ್ದೆಯ 21ನೇ ಕಲಮು ಹೇಳುತ್ತದೆ: ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳು ಅಥವಾ ಪೋಷಕರು ಇರಬೇಕು, ಅರ್ಧ ಹೆಂಗಸರಿರಬೇಕು, ಹಿಂದುಳಿದ ಮತ್ತು ದುರ್ಬಲರ ಮಕ್ಕಳ ಪೋಷಕರಿಗೆ ಸಂಖ್ಯೆಗೆ ತಕ್ಕ ಪಾಲಿರಬೇಕು. ಶಾಲೆ ಹೇಗೆ ನಡೀತಿದೆ, ಬಂದ ಹಣ ಎಲ್ಲಿ ಹೋಯಿತು ಅಂತ ನೋಡೋದು ಸಮಿತಿಯ ಕೆಲಸ. 22ನೇ ಕಲಮು ಅದಕ್ಕಿಂತ ದೊಡ್ಡದು. ಸಮಿತಿ ಶಾಲಾಭಿವೃದ್ಧಿ ಯೋಜನೆ ಬರೆಯಬೇಕು, ಸರ್ಕಾರ ಕೊಡೋ ಅನುದಾನಕ್ಕೆ ಆ ಯೋಜನೆಯೇ ಆಧಾರವಾಗಬೇಕು.

ತಮ್ಮಾ, ನೀನು ಕೇಳಿದ ಕರಾರು ಇದೇ ಅಲ್ಲವೇ? ಅಮೆರಿಕಕ್ಕೆ ಹೋಗೋದು ಬೇಡ, ನಿಮ್ಮೂರಿನ ಶಾಲೆಯ ಕಬ್ಬಿಣದ ಕಪಾಟಿನಲ್ಲಿದೆ. ಕೀಲಿ ಮಾತ್ರ ಬೇರೆಯವರ ಸೊಂಟದಲ್ಲಿದೆ.

ಸಮಿತಿಯಲ್ಲಿ ನಮ್ಮವರ ಹೆಸರು ಇರುತ್ತದೆ. ಆದರೆ ಸಭೆ ಹಗಲು ಹನ್ನೊಂದಕ್ಕೆ. ನಾಟಿಯ ಕಾಲದಲ್ಲಿ ಆ ಹೊತ್ತಿಗೆ ಯಾವ ಅವ್ವ ಮನೆಯಲ್ಲಿರುತ್ತಾಳೆ? ಕೂಲಿ ಬಿಟ್ಟು ಬಂದರೂ ಕುರ್ಚಿ ಯಾರಿಗೆ, ನೆಲ ಯಾರಿಗೆ? ಇನ್ನೊಂದು ಮಾತನ್ನು ನಾವು ಮುಚ್ಚಿಡಬಾರದು. ಸಭೆಯಲ್ಲಿ ಬಾಯಿ ಬಿಟ್ಟವಳನ್ನು ನಾಳೆ ಕೂಲಿಗೆ ಕರೆಯೋದಿಲ್ಲ. ಸಮಿತಿಯ ಅಧ್ಯಕ್ಷನೂ ಗದ್ದೆಯ ಧಣಿಯೂ ಒಬ್ಬನೇ ಆದ ಊರುಗಳಿವೆ. ಹಾಸ್ಟೆಲಿನಲ್ಲಿ ಕೂತು "ಅವ್ವಾ, ನೀ ಪ್ರಶ್ನೆ ಕೇಳು" ಅನ್ನೋದು ಸುಲಭ, ಅದರ ಬೆಲೆ ಕಟ್ಟೋಳು ಅವಳು. ಅದಕ್ಕೇ ಒಬ್ಬಳನ್ನು ಕಳಿಸಬೇಡಿ. ಕೇರಿಯ ಎಲ್ಲ ತಾಯಂದಿರೂ ಒಟ್ಟಿಗೆ ಹೋಗಲಿ, ನೀವು ಪಕ್ಕದಲ್ಲಿ ನಿಂತಿರಿ. ಹತ್ತು ಜನರನ್ನು ಕೂಲಿಗೆ ಕರೆಯದಿದ್ದರೆ ಸಸಿ ಹಚ್ಚೋರು ಯಾರು? ಅದನ್ನು ಅವರೂ ಲೆಕ್ಕ ಹಾಕುತ್ತಾರೆ.

ಮೊದಲ ಬೇಡಿಕೆ ಸಣ್ಣದೇ ಇರಲಿ. ಸಭೆ ಸಂಜೆ ಏಳಕ್ಕೆ, ಕೂಲಿ ಮುಗಿದ ಮೇಲೆ. ಹಿಂದಿನ ಠರಾವು ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. ಓದದೆ ಯಾರೂ ಹೆಬ್ಬೆಟ್ಟು ಒತ್ತಬಾರದು. ಆಮೇಲೆ ಯೋಜನೆ ಬರೆಯೋಣ. ಅರವತ್ತು ಮಕ್ಕಳ ತನಕ ಇಬ್ಬರು ಶಿಕ್ಷಕರು ಇರಲೇಬೇಕು ಅಂತ ಕಾಯ್ದೆಯಲ್ಲಿದೆ, ಒಂದರಿಂದ ಐದರ ತನಕ ವರ್ಷಕ್ಕೆ 200 ದಿನ ಪಾಠ ಆಗಬೇಕು ಅಂತಲೂ ಇದೆ. ನಿಮ್ಮೂರಲ್ಲಿ ಎಷ್ಟಾಯಿತು, ಎಣಿಸಿ ಬರೆಯಿರಿ. ಗುಳೆ ಹೋಗೋರ ಮಕ್ಕಳನ್ನು ಊರಲ್ಲೇ ಉಳಿಸಿಕೊಂಡು ಊಟ ಹಾಕಿ ಕಲಿಸೋ ಋತುಮಾನದ ಹಾಸ್ಟೆಲ್ ಅನ್ನೋ ಏರ್ಪಾಡು ಸರ್ಕಾರದಲ್ಲೇ ಇದೆ. ಕೇಳಿದವರಿಗೆ ಸಿಗುತ್ತದೆ. ಬೆಂಗಳೂರಿನ ಕಟ್ಟಡದ ಮರಳಗುಡ್ಡೆಯ ಮೇಲೆ ಆಡೋ ನಮ್ಮ ತಂಗಿಯ ಹೆಸರು ಆ ಯೋಜನೆಯಲ್ಲಿ ಬರಬೇಕು.

ವಸತಿ ಶಾಲೆಗಳಿವೆಯಲ್ಲ ಅಂತ ಕೆಲವರು ಅಂದರು. ಮೊರಾರ್ಜಿ ಶಾಲೆ, ಅಂಬೇಡ್ಕರ್ ಶಾಲೆ, ಚೆನ್ನಮ್ಮ ಶಾಲೆ. ಹೌದು, ಇವೂ ಸರ್ಕಾರದ ಹಣದಲ್ಲಿ ಒಂದು ಸಂಘ ನಡೆಸೋ ಶಾಲೆಗಳೇ, ನಮ್ಮಲ್ಲಿ ಅರ್ಧ ಜನ ಅಲ್ಲಿಂದಲೇ ಬಂದವರು. ಆದರೆ ಬಹುಪಾಲು ಸೀಟು ಪರೀಕ್ಷೆ ಬರೆದವರಿಗೆ. ಪರೀಕ್ಷೆಯ ದಿನ ಗುಳೆಯಲ್ಲಿದ್ದ ಮಗು ಪರೀಕ್ಷೆ ಬರೆಯೋದೇ ಇಲ್ಲ. ಕೇರಿಯ ಜಾಣ ಹುಡುಗ ಹೊರಟುಹೋದ, ಅವನ ಅಪ್ಪ ಅವ್ವನೂ ಊರ ಶಾಲೆಯ ಸಮಿತಿ ಬಿಟ್ಟರು. ಉಳಿದ ಮಕ್ಕಳ ಪರ ಕೇಳೋರು ಇನ್ನೂ ಕಡಿಮೆಯಾದರು. ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನ ಇದೆ, 1915ರಲ್ಲಿ ಬೆಳಕಿಗೆ ಬಂದದ್ದು. ಧಮ್ಮ ದೊಡ್ಡವರಿಗಷ್ಟೇ ಎಟುಕೋದಲ್ಲ, ಸಣ್ಣವನಿಗೂ ಎಟುಕುತ್ತದೆ ಅಂತ ಅಲ್ಲಿ ಕೆತ್ತಿಸಿದ್ದಾನೆ. ಪ್ರವೇಶ ಪರೀಕ್ಷೆಯ ಮಾತು ಅದರಲ್ಲಿಲ್ಲ.

ಸಂಘ ನಮ್ಮ ಹೆಸರಿನದಾದರೂ ಒಳಗೆ ನೋಡೋ ಕಣ್ಣು ಬೇಕು. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಒಂದು ವಸತಿ ಶಾಲೆಯಲ್ಲಿ ನಮ್ಮ ಮಕ್ಕಳನ್ನೇ ಮಲದ ಗುಂಡಿಗೆ ಇಳಿಸಿದ್ದು ಬಯಲಾಯಿತು. ಎರಡು ತಿಂಗಳಿಗೆ, 2024ರ ಫೆಬ್ರವರಿಯಲ್ಲಿ, ವಸತಿ ಶಾಲೆಗಳ ಬಾಗಿಲ ಮೇಲಿನ ಬರಹ ಬದಲಾದದ್ದಕ್ಕೆ ದೊಡ್ಡ ಗದ್ದಲ: ಕೈಮುಗಿದು ಬಾ ಅನ್ನೋದನ್ನು ತೆಗೆದು ಧೈರ್ಯವಾಗಿ ಪ್ರಶ್ನಿಸಿ ಅಂತ ಬರೆಸಿದ್ದರು. ನಮಗೆ ಆ ಎರಡನೇ ಬರಹವೇ ಇಷ್ಟ. ಆದರೆ ಬರಹಕ್ಕೆ ಎದ್ದ ಗದ್ದಲದಲ್ಲಿ ಅರ್ಧದಷ್ಟಾದರೂ ಗುಂಡಿಗೆ ಇಳಿದ ಮಕ್ಕಳಿಗಾಗಿ ಎದ್ದಿತೇ?

ಪ್ರಶ್ನೆ ಕೇಳೋದನ್ನು ನಮ್ಮ ತಂಗಿಯರು ಗೋಡೆ ನೋಡಿ ಕಲಿಯಲಿಲ್ಲ. 2021ರ ಡಿಸೆಂಬರಿನಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಕೊಟ್ಟಾಗ ಕೆಲವು ಮಠಾಧೀಶರು ಬೇಡ ಅಂದರು. ಇಲ್ಲೇ ಪಕ್ಕದ ಗಂಗಾವತಿಯ ಶಾಲೆಯ ಒಬ್ಬ ಹುಡುಗಿ, ನಮ್ಮ ಊಟ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ಮೊಟ್ಟೆ ತಿನ್ನುತ್ತೇವೆ ಅನ್ನೋ ಅರ್ಥದಲ್ಲಿ ನಿಂತು ಹೇಳಿದಳು. ಇಡೀ ನಾಡು ಕೇಳಿತು. ಅವಳಿಗಿಂತ ನಾವು ನಾಲ್ಕು ಪುಸ್ತಕ ಹೆಚ್ಚು ಓದಿದ್ದೇವೆ.

ನಮ್ಮ ತಪ್ಪು ನಮಗೆ ಗೊತ್ತಿದೆ. ಹಾಸ್ಟೆಲ್ ಸೇರಿದ ಮೇಲೆ ಊರಿಗೆ ಹೋದರೆ ಕೇರಿಯ ಶಾಲೆ ಕಡೆ ತಿರುಗಿ ನೋಡೋದಿಲ್ಲ. ಇಸ್ತ್ರಿ ಅಂಗಿ, ಮೊಬೈಲು, ಬಸ್‌ಸ್ಟ್ಯಾಂಡಿನ ಹೋಟೆಲು. ಪದ್ಯ ಬರೆಯೋ ನಾವೂ ಇದರಿಂದ ಹೊರಗಿಲ್ಲ. ಅವ್ವನ ಹೆಬ್ಬೆಟ್ಟಿನ ಮೇಲೆ ಎರಡು ಪದ್ಯ ಬರೆದೆವು, ಸಭೆಯಲ್ಲಿ ಓದಿ ಚಪ್ಪಾಳೆ ತಗೊಂಡೆವು. ಆ ಪುಸ್ತಕದಲ್ಲಿ ಏನಿತ್ತು ಅಂತ ಅವ್ವನಿಗೆ ಇವತ್ತಿನ ತನಕ ಹೇಳಿಲ್ಲ.

ಈ ಸಲ ರಜೆಗೆ ಹೋದವರು ಒಂದು ಕೆಲಸ ಮಾಡಿ. ನಿಮ್ಮೂರಿನ ಶಾಲೆಗೆ ಹೋಗಿ, ಮುಖ್ಯಗುರುಗಳಿಗೆ ಮರ್ಯಾದೆಯಿಂದ ನಮಸ್ಕಾರ ಹೇಳಿ, ಎಸ್‌ಡಿಎಂಸಿಯ ಠರಾವು ಪುಸ್ತಕ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಯ ಅರ್ಜಿ ಬರೆದು ಕೊಡಿ. ಬಿ.ಪಿ.ಎಲ್. ಕಾರ್ಡಿನ ಮನೆಯವರಿಗೆ ಆ 10 ರೂಪಾಯಿಯೂ ಇಲ್ಲ, ಕಾರ್ಡಿನ ನಕಲು ಹಚ್ಚಿದರೆ ಸಾಕು. ಸಿಕ್ಕಿದ್ದನ್ನು ಸಂಜೆ ಕೇರಿಯ ಕಟ್ಟೆಯ ಮೇಲೆ, ಅವ್ವಂದಿರು ಕೂಲಿಯಿಂದ ಬಂದ ಮೇಲೆ, ನಿಧಾನವಾಗಿ ಓದಿ ಹೇಳಿ. ಅವರು ಏನಂದರು ಅನ್ನೋದನ್ನು ಅವರ ಮಾತಲ್ಲೇ ಬರೆದುಕೊಂಡು ಬನ್ನಿ. ಮುಂದಿನ ಸಂಚಿಕೆಯ ಪುಟ ಅದಕ್ಕೇ ಖಾಲಿ ಬಿಟ್ಟಿದ್ದೇವೆ.