ಕಟ್ಟುವಾಗ ನನ್ನ ಕೇಳಲಿಲ್ಲ, ಬಿಚ್ಚೋಕೆ ಯಾರನ್ನ ಕೇಳಬೇಕು?

ಮಗುವಿನ ಹೆಸರಲ್ಲಿ ಬ್ಯಾಂಕಿನಲ್ಲಿ ಖಾತೆ ತೆರೆದರೆ ಅಪ್ಪ ಸಹಿ ಹಾಕುತ್ತಾನೆ. ಮಗುವಿಗೆ ಹದಿನೆಂಟು ತುಂಬಿದ ಮೇಲೆ ಬ್ಯಾಂಕಿನವರು, ಬಾರಪ್ಪ, ಇನ್ನು ಮೇಲೆ ನಿನ್ನ ಸಹಿ ಬೇಕು ಅಂತಾರೆ. ಐನೂರು ರೂಪಾಯಿ ಇರೋ ಖಾತೆಗೂ ಇಷ್ಟು ಮರ್ಯಾದೆ ಇದೆ. ಆದರೆ ಹುಟ್ಟಿದ ಮಗುವಿಗೆ ಧರ್ಮ ಕಟ್ಟಿದವರು ಮಾತ್ರ, ದೊಡ್ಡವನಾದ ಮೇಲೆ ಬಂದು "ನಿನಗೆ ಇದು ಬೇಕೇನಪ್ಪಾ?" ಅಂತ ಒಂದು ಮಾತು ಕೇಳಿದ್ದನ್ನ ನಾನು ಕಂಡಿಲ್ಲ.

ನಾನು ಕೆಂಕೆರೆಯ ಲಿಂಗಾಯತರ ಮನೆಯಲ್ಲಿ ಹುಟ್ಟಿದವನು. ನೆಟ್ಟಗೆ ಕಣ್ಣು ಬಿಡುವ ಮುಂಚೆಯೇ ಅಯ್ನೋರು ಬಂದು, ವಿಭೂತಿ ಹಚ್ಚಿ, ಲಿಂಗ ಕಟ್ಟಿ ಹೋದರಂತೆ. 'ಅಂತೆ' ಅಂತಲೇ ಹೇಳಬೇಕು, ನನಗೇನೂ ನೆನಪಿಲ್ಲ. ಕ್ರೈಸ್ತರ ಮನೆಯಲ್ಲಾದರೆ ದೀಕ್ಷಾಸ್ನಾನ, ಮುಸ್ಲಿಮರ ಮನೆಯಲ್ಲಾದರೆ ಕಿವಿಯಲ್ಲಿ ಅಜಾನ್, ಬ್ರಾಹ್ಮಣರ ಮನೆಯಲ್ಲಾದರೆ ಸ್ವಲ್ಪ ತಡವಾಗಿ ಜನಿವಾರ. ಕ್ರಮ ಬೇರೆ ಬೇರೆ, ಮಗುವನ್ನು ಕೇಳದೇ ಇರೋದು ಮಾತ್ರ ಎಲ್ಲರ ಮನೆಯಲ್ಲೂ ಒಂದೇ. ಹತ್ತು ವರ್ಷದ ಹಿಂದೆ ಆ ಲಿಂಗವನ್ನು ತೆಗೆದು ದೇವರ ಗೂಡಿನಲ್ಲಿ ಇಟ್ಟೆ. ಯಾರ ಮೇಲಿನ ಸಿಟ್ಟಿಗೂ ಅಲ್ಲ. ನನಗೆ ನಂಬಿಕೆ ಇಲ್ಲ, ಅಷ್ಟೆ. ನಂಬದವನು ಎದೆ ಮೇಲೆ ಲಿಂಗ ಇಟ್ಟುಕೊಂಡು ಓಡಾಡಿದರೆ ಅದು ನಂಬಿದವರಿಗೆ ಮಾಡೋ ಅವಮಾನ.

ಊರಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: "ಹುಟ್ಟಿನಿಂದ ಬಂದದ್ದನ್ನ ಬಿಡೋಕಾಗುತ್ತೇನೋ?"

ಸ್ವಾಮಿ, ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಕೇಳಬಾರದು. ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯ ನೊಳಂಬರು ಸಿದ್ಧರಾಮನನ್ನು ಕುಲಗುರು ಅಂತೀವಿ. ಸಂಕ್ರಾಂತಿ ಬಂದರೆ ಜಯಂತಿ ಮಾಡ್ತೀವಿ. ಆ ಸಿದ್ಧರಾಮನಿಗೆ ಲಿಂಗ ಕಟ್ಟಿದ್ದು ಯಾವಾಗ? ಶೂನ್ಯಸಂಪಾದನೆ ಹೇಳೋ ಕಥೆ ನೋಡಿ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ ಹೆಸರು ಮಾಡಿದ ಮೇಲೆ ಅಲ್ಲಮ ಬಂದ. ಇಬ್ಬರಿಗೂ ವಾದವಾಯಿತು. ಆಮೇಲೆ ಕಲ್ಯಾಣಕ್ಕೆ ಹೋಗಿ, ಅಲ್ಲೂ ಇಷ್ಟಲಿಂಗ ಯಾಕೆ ಬೇಕು ಅಂತ ಮಾತಾಡಿ, ಕೊನೆಗೆ ಒಪ್ಪಿ ಚೆನ್ನಬಸವಣ್ಣನಿಂದ ದೀಕ್ಷೆ ತಗೊಂಡ. ಕುಲಗುರುವಿಗೆ ವಾದ ಮಾಡೋಕೆ, ಬೇಡ ಅನ್ನೋಕೆ, ಯೋಚಿಸಿ ಹೂಂ ಅನ್ನೋಕೆ ಅವಕಾಶ ಇತ್ತು. ಅವನ ಒಕ್ಕಲಿಗೆ ತೊಟ್ಟಿಲಲ್ಲೇ ಕಟ್ಟಿ ಮುಗಿಸ್ತೀರಿ.

ಇನ್ನು ಬಸವಣ್ಣ. ಹುಡುಗನಾಗಿದ್ದಾಗಲೇ ಜನಿವಾರ ಬೇಡ ಅಂತ ಬಾಗೇವಾಡಿ ಬಿಟ್ಟು ಕೂಡಲಸಂಗಮಕ್ಕೆ ಹೋದ ಅನ್ನೋದನ್ನ ಪ್ರತಿ ಬಸವ ಜಯಂತಿಯಲ್ಲೂ ಮೈಕಿನಲ್ಲಿ ಹೇಳಿ ಚಪ್ಪಾಳೆ ಹೊಡೆಸ್ತೀರಿ. ಹುಟ್ಟಿನಿಂದ ಬಂದದ್ದನ್ನು ಬಿಟ್ಟ ಹುಡುಗನೇ ನಿಮ್ಮ ಧರ್ಮದ ಮೂಲಪುರುಷ. ಅದೇ ಕೆಲಸವನ್ನ ನಿಮ್ಮ ಮನೆ ಹುಡುಗ ಮಾಡಿದರೆ, ಬೆಂಗಳೂರಿಗೆ ಹೋಗಿ ಕೆಟ್ಟ ಅಂತೀರಿ.

"ಯಾರಪ್ಪ ನಿನ್ನ ತಡೆದಿದ್ದು? ಬೇಡ ಅಂದ್ರೆ ಪೂಜೆ ಮಾಡಬೇಡ, ಸುಮ್ನಿರು" ಅನ್ನೋರೂ ಇದ್ದಾರೆ. ತಡೆಯೋರು ಬಾಗಿಲಲ್ಲಿ ದೊಣ್ಣೆ ಹಿಡಿದು ನಿಂತಿರಲ್ಲ, ಕಾಗದದಲ್ಲಿ ಕೂತಿರ್ತಾರೆ. 1955ರ ಹಿಂದೂ ವಿವಾಹ ಕಾಯ್ದೆಯ ಎರಡನೇ ಸೆಕ್ಷನ್ ತೆಗೆದು ನೋಡಿ. ಕಾಯ್ದೆ ಯಾರಿಗೆ ಅನ್ವಯಿಸುತ್ತೆ ಅಂತ ಹೇಳುವಾಗ ವೀರಶೈವ, ಲಿಂಗಾಯತ ಅಂತ ಹೆಸರು ಹಿಡಿದು ಬರೆದಿದ್ದಾರೆ. ಬೌದ್ಧರು, ಜೈನರು, ಸಿಖ್ಖರೂ ಸೇರಿದ್ದಾರೆ. ಕೊನೆಗೆ ಮುಸ್ಲಿಂ, ಕ್ರೈಸ್ತ, ಪಾರ್ಸಿ, ಯಹೂದಿ ಅಲ್ಲದ ಬೇರೆಯವರೂ ಇದರೊಳಗೇ. ಅಂದರೆ ಈ ಮನೆಯಿಂದ ಆಚೆ ಬರಬೇಕಾದರೆ ಇನ್ನೊಂದು ಮನೆಯೊಳಗೆ ಹೋಗಲೇಬೇಕು. ಬೀದಿಯಲ್ಲಿ ನಿಂತು ಗಾಳಿ ಕುಡೀತೀನಿ ಅಂದರೆ ಆಗಲ್ಲ.

ಇನ್ನೊಂದು ಮನೆಗೆ ಹೋದರೆ ಏನಾಗುತ್ತೆ? ಮತಾಂತರವಾದ ಅನ್ನೋದೇ ವಿಚ್ಛೇದನಕ್ಕೆ ಕಾರಣವಾಗಬಹುದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ, ಮತಾಂತರವಾದವನಿಗೆ ಆಮೇಲೆ ಹುಟ್ಟಿದ ಮಕ್ಕಳಿಗೆ ಹಿಂದೂ ಬಂಧುಗಳ ಆಸ್ತಿ ಸಿಗಲ್ಲ, ಆಸ್ತಿ ಬರುವ ಹೊತ್ತಿಗೆ ಆ ಮಕ್ಕಳು ಹಿಂದೂಗಳಾಗಿದ್ದರೆ ಮಾತ್ರ ಸಿಗುತ್ತೆ. ತೆಂಗಿನ ತೋಟವೇ ಜೀವವಾಗಿರೋ ನಮ್ಮ ಕಡೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅಪ್ಪ ದೇವರನ್ನು ಬದಲಾಯಿಸಿದ್ದಕ್ಕೆ ಮೊಮ್ಮಗ ತಾತನ ತೋಟ ಕಳಕೋಬೇಕು.

ಇದೂ ಸಾಲದು ಅಂತ 2022ರಲ್ಲಿ ನಮ್ಮ ರಾಜ್ಯ ಮತಾಂತರದ ಮೇಲೆ ಒಂದು ಕಾಯ್ದೆ ತಂತು. ಧರ್ಮ ಬದಲಾಯಿಸೋನು ಮೂವತ್ತು ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬೇಕು, ಅದನ್ನ ನೋಟಿಸ್ ಬೋರ್ಡಿಗೆ ಹಾಕಿ ಆಕ್ಷೇಪಣೆ ಕರೀತಾರೆ. ನನ್ನ ಮನಸ್ಸು ಬದಲಾದರೆ ತಾಲ್ಲೂಕು ಕಚೇರಿ ಗೋಡೆಯಲ್ಲಿ ಅದಕ್ಕೆ ತಕರಾರು ಕೇಳೋದು! ಆದರೆ ಹಿಂದಿನ ಧರ್ಮಕ್ಕೆ ವಾಪಸ್ ಬಂದರೆ ಅದು ಮತಾಂತರವೇ ಅಲ್ಲ ಅಂತ ಅದೇ ಕಾಯ್ದೆ ಹೇಳುತ್ತೆ. ಒಳಗೆ ಬರೋ ಬಾಗಿಲು ಹಾರು ಹೊಡೆದಿದೆ, ಆಚೆ ಹೋಗೋ ಬಾಗಿಲಿಗೆ ಪೊಲೀಸು. 2023ರ ಜೂನ್‌ನಲ್ಲಿ ಹೊಸ ಸಂಪುಟ ಇದನ್ನ ಹಿಂಪಡೆಯೋಕೆ ತೀರ್ಮಾನ ಮಾಡಿತು. ಆದರೆ ಕಾಯ್ದೆ ಹೋದರೂ, ಅಂಥ ಕಾಯ್ದೆ ಬೇಕು ಅನ್ನಿಸಿದ ಮನಸ್ಸು ಅದರ ಜೊತೆ ಹೋಗಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ನನ್ನಂಥ ಬಲಾಢ್ಯ ಜಾತಿಯವನು ಧರ್ಮ ಬಿಟ್ಟೆ ಅಂದರೆ ಹೋಗೋದು ಹೆಚ್ಚೆಂದರೆ ನೆಂಟರ ಪ್ರೀತಿ. ತೋಟ ಇದೆ, ಬಿಇ ಇದೆ, ಸಂಬಳ ಇದೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧ ಬಿಟ್ಟು ಬೇರೆ ಧರ್ಮಕ್ಕೆ ಹೋದ ದಲಿತನಿಗೆ ಪರಿಶಿಷ್ಟ ಜಾತಿಯ ಸ್ಥಾನವೇ ಹೋಗುತ್ತೆ. ಚರ್ಚಿಗೆ ಹೋದ ಮಾತ್ರಕ್ಕೆ ಊರು ಅವನ ಕೇರಿ ಮರೆಯುತ್ತಾ? ಬಿಡೋ ಹಕ್ಕು ಎಲ್ಲರಿಗಿಂತ ಹೆಚ್ಚು ಬೇಕಿರೋನಿಗೇ ಅದು ಎಲ್ಲರಿಗಿಂತ ದುಬಾರಿ. ಈ ಹಕ್ಕು ನನಗೊಬ್ಬನಿಗೆ ಸಿಕ್ಕಿದರೆ ಅದು ಶೋಕಿ.

ಬೇರೆ ಕಡೆ ಹೇಗಿದೆ? ಜರ್ಮನಿಯಲ್ಲಿ ಹಸುಗೂಸಿಗೆ ದೀಕ್ಷಾಸ್ನಾನ ಮಾಡಿಸೋದು ಹಳೇ ರೂಢಿ. ಆದರೆ ಹದಿನಾಲ್ಕು ತುಂಬಿದ ಮೇಲೆ ಧರ್ಮದ ತೀರ್ಮಾನ ಮಗುವಿನದ್ದೇ ಅಂತ ಅಲ್ಲಿ 1921ರಲ್ಲೇ ಕಾನೂನಾಗಿದೆ. ಬೇಡ ಅಂದರೆ ಸರ್ಕಾರಿ ಕಚೇರಿಗೆ ಹೋಗಿ ಚರ್ಚಿನಿಂದ ಹೊರಗೆ ಬಂದೆ ಅಂತ ಬರೆಸಬಹುದು. ದೀಕ್ಷಾಸ್ನಾನದ ಗುರುತು ಆತ್ಮದಿಂದ ಅಳಿಸೋಕಾಗಲ್ಲ ಅಂತ ಕ್ಯಾಥೊಲಿಕ್ ಚರ್ಚು ಹೇಳುತ್ತೆ, ಹೇಳಲಿ. ಕಾಗದದಲ್ಲಂತೂ ಅವನು ಬಿಡುಗಡೆಯಾದ. ನಮ್ಮಲ್ಲೂ ಬಾಂಬೆ ಹೈಕೋರ್ಟು 2014ರಲ್ಲಿ, ಯಾವ ಧರ್ಮವೂ ಇಲ್ಲ ಅಂತ ಹೇಳುವ ಹಕ್ಕು ಪ್ರತಿಯೊಬ್ಬನಿಗೂ ಇದೆ, ಧರ್ಮ ಬರೆಯಲೇಬೇಕು ಅಂತ ಸರ್ಕಾರ ಬಲವಂತ ಮಾಡುವ ಹಾಗಿಲ್ಲ ಅಂದಿದೆ. 2019ರಲ್ಲಿ ತಮಿಳುನಾಡಿನ ತಿರುಪತ್ತೂರಿನ ವಕೀಲೆ ಸ್ನೇಹಾ ಜಾತಿ ಇಲ್ಲ, ಧರ್ಮ ಇಲ್ಲ ಅನ್ನೋ ಪ್ರಮಾಣಪತ್ರ ತಗೊಂಡರು. ವರ್ಷಗಟ್ಟಲೆ ಅಲೆದ ಮೇಲೆ ಅದು ಸಿಕ್ಕಿದ್ದು.

ನಮ್ಮಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ ನಡೆದದ್ದು ಗೊತ್ತಲ್ಲ. ಧರ್ಮದ ಕಾಲಂನಲ್ಲಿ ಹಿಂದೂ ಅಂತ ಬರೆಸಿ ಅಂತ ಒಬ್ಬರು, ವೀರಶೈವ ಲಿಂಗಾಯತ ಅಂತ ಇನ್ನೊಬ್ಬರು, ಬರೀ ಲಿಂಗಾಯತ ಅಂತ ಮತ್ತೊಬ್ಬರು. ಮಠ, ಸಂಘ, ಪಕ್ಷ ಎಲ್ಲರೂ ನನ್ನನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು ಅಂತ ಕಿತ್ತಾಡಿದರು. ನೀನು ಯಾರು ಅಂತ ನನ್ನ ಮಾತ್ರ ಯಾರೂ ಕೇಳಲಿಲ್ಲ. ತಲೆ ಎಣಿಸೋರಿಗೆ ತಲೆಯೊಳಗೆ ಏನಿದೆ ಅನ್ನೋದು ಬೇಕಿಲ್ಲ.

"ಮಕ್ಕಳಿಗೆ ಹೆಸರಿಡುವಾಗ, ಪೋಲಿಯೋ ಹನಿ ಹಾಕಿಸುವಾಗ ಕೇಳ್ತೀವಾ?" ಅಂತ ನಮ್ಮ ಚಿಕ್ಕಪ್ಪ ಕೇಳ್ತಾರೆ. ಕೇಳಲ್ಲ ಚಿಕ್ಕಪ್ಪ. ಹನಿ ಹಾಕದಿದ್ದರೆ ಮಗುವಿನ ಕಾಲು ಹೋಗಬಹುದು, ಲಿಂಗ ಕಟ್ಟದಿದ್ದರೆ ಏನೂ ಹೋಗಲ್ಲ. ಹೆಸರು ಬದಲಾಯಿಸಬೇಕಾದರೆ ಅಫಿಡವಿಟ್ ಮಾಡಿಸಿ ಪೇಪರಿನಲ್ಲಿ ಹಾಕಿಸಿದರೆ ಆಯಿತು, ಅವ್ವ ಊಟ ಬಿಡಲ್ಲ. ಕಾಯಿ ಕೊಬ್ಬರಿಯಾಗಲಿ ಅಂತ ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯ್ತೀವಿ, ನಡುವೆ ಒಡೆದರೆ ಕೆಡುತ್ತೆ ಅಂತ ಗೊತ್ತು. ಮಗುವಿಗೆ ಬುದ್ಧಿ ಬಲಿಯೋ ತನಕ ಕಾಯೋಕೆ ಮಾತ್ರ ನಮಗೆ ಪುರುಸೊತ್ತಿಲ್ಲ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಅವ್ವನದು: "ನಿನ್ನ ಎಲ್ಲಿಗೆ ಹಾಕ್ತಾರೋ?" ನಮ್ಮಲ್ಲಿ ಸತ್ತವರನ್ನ ಕೂರಿಸಿ, ಕೈಯಲ್ಲಿ ಲಿಂಗ ಇಟ್ಟು, ತೋಟದಲ್ಲೇ ಸಮಾಧಿ ಮಾಡ್ತಾರೆ. ಅಪ್ಪ ಅಲ್ಲೇ ಇದ್ದಾರೆ. ಕೈಯಲ್ಲಿ ಲಿಂಗ ಇಲ್ಲದ ಮಗನಿಗೆ ಅಪ್ಪನ ಪಕ್ಕ ಜಾಗ ಇದೆಯಾ, ಹೆಗಲು ಕೊಡೋಕೆ ಊರವರು ಬರ್ತಾರಾ ಅನ್ನೋದು ಅವಳ ಭಯ. ಆ ಭಯ ಹುಟ್ಟಿಸಿದ್ದು ನಾನಲ್ಲ. ಆಚೆ ಹೋದವನನ್ನು ಹೆಣವಾದ ಮೇಲೂ ಬಿಡಲ್ಲ ಅನ್ನೋ ಊರಿನ ಮಾತು ಹುಟ್ಟಿಸಿದ್ದು. ಹಾಗಲ್ಲ, ನಾವು ಬರ್ತೀವಿ ಅಂತ ಊರಿನ ನಾಲ್ಕು ಜನ ಅವ್ವನ ಮುಂದೆ ಹೇಳಿದರೆ ಅವಳು ನೆಮ್ಮದಿಯಾಗಿ ಮಲಗ್ತಾಳೆ.

ಕೇಳೋದು ಬಹಳ ಇಲ್ಲ. ಸರ್ಕಾರದ ಪ್ರತಿ ಅರ್ಜಿಯಲ್ಲೂ 'ಧರ್ಮವಿಲ್ಲ' ಅನ್ನೋ ಒಂದು ಕಾಲಂ. ಅಪ್ಪನ ದೇವರನ್ನು ನೋಡಿ ಮಗುವಿನ ಪಾಲು ಕಿತ್ತುಕೊಳ್ಳದ ಆಸ್ತಿ ಕಾನೂನು. ಧರ್ಮ ಬದಲಾಯಿಸಿದ ದಲಿತನ ಹಕ್ಕು ಕಸಿಯದ ಆದೇಶ. ಇವು ವಿಧಾನಸೌಧ, ಸಂಸತ್ತಿನ ಕೆಲಸ. ನಮ್ಮ ಮನೆಗಳ ಕೆಲಸ ಇನ್ನೂ ಸಣ್ಣದು: ತೊಟ್ಟಿಲಿನ ಮಗುವನ್ನು ಅದರ ಪಾಡಿಗೆ ಬಿಡಿ.

ನನ್ನ ಮಗಳಿಗೆ ಈಗ ನಾಲ್ಕು ವರ್ಷ, ಅವಳಿಗೆ ಏನೂ ಕಟ್ಟಿಸಿಲ್ಲ. ಹದಿನೆಂಟು ತುಂಬಿದ ಮೇಲೆ ಸಿದ್ಧರಾಮನ ಹಾಗೆ ವಾದ ಮಾಡಿ, ಒಪ್ಪಿ, ನನಗೆ ಲಿಂಗ ಬೇಕು ಅಂತ ಅವಳೇ ಬಂದು ಕೇಳಿದರೆ ಅಯ್ನೋರು ಸಂತೋಷವಾಗಿ ಬಂದು ಕಟ್ಟಲಿ. ಅವತ್ತಿನ ದಾಸೋಹಕ್ಕೆ ಬೇಕಾದ ಕಾಯಿ ನಮ್ಮ ತೋಟದಿಂದಲೇ ಕಳಿಸ್ತೀನಿ.